ಹೊಲದಿಂದ ಗಂಗಾಳಕ್ಕೆ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಕನ್ನಡನಾಡಿನ ಹಳೆಯ ಗಾದೆ. ಹಿತವಾಗಿಯೂ ಮಿತವಾಗಿಯೂ ಉಣ್ಣಬೇಕೆಂಬುದೇ ಅದರ ಅರ್ಥವೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಅದು ಸರಿಯಾದ ಅರ್ಥವೇ. ಆದರೆ ಊಟವನ್ನು ಬಲ್ಲವನಾಗುವುದೆಂದರೆ ಏನನ್ನು, ಎಷ್ಟು ಉಣ್ಣಬೇಕೆಂದು ತಿಳಿಯುವುದು ಮಾತ್ರವಲ್ಲ. ಉಣ್ಣುವ ಪದಾರ್ಥವು ಹೊಲದಿಂದ ಹೊರಟು ಗಂಗಾಳವನ್ನು ಸೇರುವವರೆಗೆ ಏನೇನು ಮಾರ್ಪಾಡು ಹೊಂದುತ್ತದೆ ಎಂಬುದನ್ನು ತಿಳಿಯುವುದೂ ಹೌದು. ಭೂಮಿಯು ಕಾಳಿನಲ್ಲಿಯೂ ಸೊಪ್ಪಿನಲ್ಲಿಯೂ ತುಂಬಿಕೊಟ್ಟ ಸತ್ವದಲ್ಲಿ ಒಂದು ಪಾಲು ದಾರಿಯಲ್ಲಿಯೇ ಸೋರಿಹೋಗುತ್ತದೆ. ಆ ಸೋರಿಕೆಯು ಬಹುಮಟ್ಟಿಗೆ ನಡೆಯುವುದು ಅಡುಗೆಮನೆಯಲ್ಲಿ. ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಆದುದರಿಂದಲೇ ಅದನ್ನು ತಡೆಯುವ ಯೋಚನೆಯನ್ನು ಬಹಳ ಜನ ಮಾಡುವುದಿಲ್ಲ.

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಕಟಕೋಳ ಮತ್ತು ಅದರ ಸುತ್ತಲಿನ ಸೀಮೆಯನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಲಪ್ರಭೆಯ ಆಸುಪಾಸಿನ ಈ ಎರೆಭೂಮಿ ಜೋಳಕ್ಕೆ ಹೆಸರಾದುದು. ಮುಂಗಾರಿಯಲ್ಲಿ ಹೆಸರು, ಸಜ್ಜೆ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಗೋದಿ, ಕುಸುಬಿ ಇಲ್ಲಿಯ ಬೆಳೆಗಳು. ಕಾಲುವೆಯ ನೀರು ಬಂದ ಕಡೆಗಳಲ್ಲಿ ಕಬ್ಬು ಮತ್ತು ಗೋವಿನಜೋಳ ಹೆಚ್ಚಿವೆಯಾದರೂ, ರೊಟ್ಟಿ ಬಡಿಯುವ ಸಪ್ಪಳ ಕೇಳದ ಊರು ಈ ಭಾಗದಲ್ಲಿ ಸಿಕ್ಕುವುದು ಕಷ್ಟ. ರೊಟ್ಟಿಯ ಜೊತೆಗೆ ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಪುಂಡಿಪಲ್ಲೆ, ಮೆಂತೆ, ರಾಜಗಿರಿ, ಕಿರಕಸಾಲಿ ಮುಂತಾದ ಸೊಪ್ಪು, ಶೇಂಗಾ, ಅಗಸಿ, ಗುರೆಳ್ಳುಗಳ ಹಿಂಡಿ, ಒಂದು ಉಳ್ಳಾಗಡ್ಡಿ, ಒಂದು ಬಟ್ಟಲು ಮಜ್ಜಿಗೆ—ಇಷ್ಟಿದ್ದರೆ ಅದು ಒಕ್ಕಲಿಗನ ಊಟ. ಇಂದಿನ ಪೋಷಣಶಾಸ್ತ್ರಜ್ಞನೊಬ್ಬನು ತಕ್ಕಡಿ ಹಿಡಿದು ಕುಳಿತು ಆರಿಸಿದರೂ ಇದಕ್ಕಿಂತ ಉತ್ತಮವಾದ ಊಟವನ್ನು ಈ ನೆಲದಲ್ಲಿ ಆರಿಸುವುದು ಸುಲಭವಲ್ಲ.

ಇದು ಬರಿಯ ಅಭಿಮಾನದ ಮಾತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, ಸುಮಾರು 10 ಗ್ರಾಂ ನಾರು ಮತ್ತು ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತವೆ. ಸಜ್ಜೆಯಲ್ಲಿ ಕಬ್ಬಿಣಾಂಶವು 6 ಮಿಲಿಗ್ರಾಂಗೂ ಹೆಚ್ಚು. ಯಂತ್ರದಲ್ಲಿ ನುಣುಪು ಮಾಡಿದ ಬಿಳಿಯ ಅಕ್ಕಿಯಲ್ಲಾದರೋ ಕಬ್ಬಿಣಾಂಶವು 1 ಮಿಲಿಗ್ರಾಂ ಕೂಡ ಇಲ್ಲ. ನಾರು 3 ಗ್ರಾಂ ಮೀರುವುದಿಲ್ಲ. ಹೀಗೆ ನೋಡಿದರೆ ಎರೆಯ ಸೀಮೆಯ ಬಡವನ ರೊಟ್ಟಿಯು ಸತ್ವದಲ್ಲಿ ಪೇಟೆಯ ಶ್ರೀಮಂತನ ಬಿಳಿ ಅನ್ನಕ್ಕಿಂತ ಮೇಲಾದುದು.

ಆದರೂ ಒಂದು ಕಹಿಯಾದ ಸಂಗತಿ ಇದೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಐದು ವರ್ಷದೊಳಗಿನ ಮಕ್ಕಳಲ್ಲಿಯಂತೂ ಈ ಸಂಖ್ಯೆ ನೂರಕ್ಕೆ 65ನ್ನು ಮೀರಿದೆ. ರಕ್ತಹೀನತೆಯುಳ್ಳ ಹುಡುಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ. ಪಾಠ ಕೇಳುವಾಗ ಅವಳ ಮನಸ್ಸು ನಿಲ್ಲುವುದಿಲ್ಲ. ಮುಂದೆ ತಾಯಿಯಾಗುವಾಗ ಅವಳ ಜೀವಕ್ಕೂ ಕೂಸಿನ ಜೀವಕ್ಕೂ ಅಪಾಯ ಹೆಚ್ಚು. ಇದಕ್ಕೆ ಕಾರಣಗಳು ಹಲವು. ಬಡತನವೊಂದು, ಹೊಟ್ಟೆಯ ಹುಳು ಒಂದು, ಸಾಕಷ್ಟು ಉಣ್ಣದಿರುವುದೊಂದು. ಅವೆಲ್ಲವನ್ನೂ ಅಡುಗೆಮನೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೆ ಮನೆಗೆ ಬಂದ ಸತ್ವವನ್ನು ಮನೆಯಲ್ಲಿಯೇ ಚೆಲ್ಲುವ ಅಭ್ಯಾಸವೂ ಆ ಕಾರಣಗಳಲ್ಲಿ ಒಂದು. ಉಳಿದ ಕಾರಣಗಳನ್ನು ತೊಡೆದುಹಾಕಲು ಹಣ ಬೇಕು, ಔಷಧ ಬೇಕು, ಸರಕಾರ ಬೇಕು. ಈ ಒಂದನ್ನು ತೊಡೆದುಹಾಕಲು ಅರಿವು ಬಹುಮಟ್ಟಿಗೆ ಸಾಕು.

ಆಹಾರದ ಸತ್ವವು ಮನುಷ್ಯನ ಕೈಯಿಂದಲೇ ನಷ್ಟವಾಗಬಲ್ಲುದೆಂಬ ತಿಳಿವಳಿಕೆ ಬಹಳ ಹಿಂದಿನದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದ ಬಟೇವಿಯಾ ಎಂಬಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಕ್ರಿಶ್ಚಿಯಾನ್ ಐಕ್ಮನ್ ಎಂಬ ಡಚ್ ವೈದ್ಯನಿದ್ದನು. ಕಾಲುಗಳ ಶಕ್ತಿ ಉಡುಗಿ, ಕೊನೆಗೆ ಹೃದಯವೇ ಸೋಲುವ ಬೆರಿಬೆರಿ ರೋಗದ ಕಾರಣವನ್ನು ಅವನು ಹುಡುಕುತ್ತಿದ್ದನು. ನುಣುಪಾದ ಬಿಳಿ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ತೆಗೆಯದ ಅಕ್ಕಿಯನ್ನು ಕೊಟ್ಟೊಡನೆ ಚೇತರಿಸಿಕೊಳ್ಳುವುದನ್ನೂ ಅವನು ಕಂಡನು. ಬಿಸಾಡಿದ ತೌಡಿನಲ್ಲಿಯೇ ಜೀವವನ್ನು ಕಾಯುವ ವಸ್ತುವಿತ್ತು. ಥಯಾಮಿನ್ ಎಂಬ ಬಿ ಗುಂಪಿನ ಜೀವಸತ್ವವೇ ಅದೆಂದು ಮುಂದೆ ತಿಳಿದುಬಂದಿತು. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಭಾರತದಲ್ಲಿಯೂ ಇದೇ ಬೆರಿಬೆರಿಯನ್ನು ಅರಿಯುವ ಸಲುವಾಗಿ 1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಸಂಶೋಧನೆಯನ್ನು ಆರಂಭಿಸಿದರು. ಆ ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರನ್ನು ಪಡೆಯಿತು.

ಅಡುಗೆಯಲ್ಲಿ ಸತ್ವವು ಹೇಗೆ ಕಳೆದುಹೋಗುತ್ತದೆಂಬುದನ್ನು ತಿಳಿಯಲು ಕೆಲವು ಸ್ಥೂಲವಾದ ಸಂಗತಿಗಳು ಸಾಕು. ಸಿ ಜೀವಸತ್ವವೂ ಬಿ ಗುಂಪಿನ ಜೀವಸತ್ವಗಳೂ ನೀರಿನಲ್ಲಿ ಕರಗುತ್ತವೆ. ಅವುಗಳಲ್ಲಿ ಸಿ ಜೀವಸತ್ವವು ಬಹಳ ಸುಕುಮಾರವಾದುದು. ಶಾಖ ಹೆಚ್ಚಾದರೂ ಗಾಳಿ ತಗಲಿದರೂ ಅದು ಕೆಡುತ್ತದೆ. ರಕ್ತದ ಬೆಳವಣಿಗೆಗೆ ಬೇಕಾದ ಫೋಲಿಕ್ ಆಮ್ಲದ ಬಗೆಯ ಜೀವಸತ್ವವೂ ಹೆಚ್ಚು ಹೊತ್ತಿನ ಬೇಯುವಿಕೆಯನ್ನು ಸಹಿಸದು. ಕಬ್ಬಿಣ, ಸುಣ್ಣ ಮೊದಲಾದ ಖನಿಜಗಳು ಬೆಂಕಿಗೆ ನಾಶವಾಗುವುದಿಲ್ಲ. ಆದರೆ ಬೇಯಿಸಿದ ನೀರಿನಲ್ಲಿ ಇಳಿದು ಆ ನೀರಿನೊಡನೆ ಹೊರಗೆ ಹೋಗುತ್ತವೆ. ಎ ಜೀವಸತ್ವಕ್ಕೆ ಮೂಲವಾದ, ಹಳದಿ ಹಾಗೂ ಹಸಿರು ತರಕಾರಿಗಳಲ್ಲಿರುವ ಕೆರೋಟಿನ್ ನೀರಿನಲ್ಲಿ ಕರಗುವುದಿಲ್ಲ. ದೇಹವು ಅದನ್ನು ಹೀರಿಕೊಳ್ಳಬೇಕಾದರೆ ತುಸು ಎಣ್ಣೆ ಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ದಿನದಿನದ ಅಡುಗೆಯನ್ನು ನೋಡಿದರೆ ಸೋರಿಕೆಯ ಬಾಗಿಲುಗಳು ಒಂದೊಂದಾಗಿ ಕಾಣತೊಡಗುತ್ತವೆ.

ಮೊದಲನೆಯ ಬಾಗಿಲು ಈಳಿಗೆಯ ಬಳಿಯಲ್ಲಿದೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಆಮೇಲೆ ಅದನ್ನು ಎರಡು ಮೂರು ನೀರಿನಲ್ಲಿ ತೊಳೆಯುವ ರೂಢಿ ಅನೇಕ ಮನೆಗಳಲ್ಲಿ ಉಂಟು. ಬದನೆ, ಆಲೂಗಡ್ಡೆಗಳನ್ನು ಹೆಚ್ಚಿ ನೀರಿನಲ್ಲಿ ಹಾಕಿ, ಒಲೆ ಖಾಲಿಯಾಗುವವರೆಗೆ ಹಾಗೆಯೇ ಬಿಡುವುದೂ ಉಂಟು. ತರಕಾರಿಯನ್ನು ಹೆಚ್ಚಿದಾಗ ಅದರ ಒಳಮೈ ತೆರೆದುಕೊಳ್ಳುತ್ತದೆ. ತುಂಡುಗಳು ಸಣ್ಣವಾದಷ್ಟೂ ತೆರೆದ ಮೈ ಹೆಚ್ಚು. ತೆರೆದ ಮೈ ಹೆಚ್ಚಾದಷ್ಟೂ ನೀರಿಗೆ ಇಳಿಯುವ ಸತ್ವವೂ ಹೆಚ್ಚು. ಮೊದಲು ತೊಳೆದು, ಆಮೇಲೆ ಹೆಚ್ಚಿ, ಹೆಚ್ಚಿದೊಡನೆ ಒಲೆಯ ಮೇಲೆ ಇಟ್ಟರೆ ಈ ನಷ್ಟವು ಬಹುಪಾಲು ತಪ್ಪುತ್ತದೆ. ಕೆಲಸ ಅಷ್ಟೇ, ನೀರು ಅಷ್ಟೇ, ಹೊತ್ತೂ ಅಷ್ಟೇ. ಬದಲಾಗುವುದು ಹಿಂದುಮುಂದಿನ ಕ್ರಮ ಮಾತ್ರ.

ಎರಡನೆಯ ಬಾಗಿಲು ಬಸಿಯುವ ಪಾತ್ರೆಯಲ್ಲಿದೆ. ಸೊಪ್ಪನ್ನು ಬಹಳ ನೀರಿನಲ್ಲಿ ಕುದಿಸಿ, ಆ ಹಸಿರು ನೀರನ್ನು ಬಚ್ಚಲಿಗೆ ಚೆಲ್ಲುವವರು ಸತ್ವವನ್ನು ಚೆಲ್ಲಿ ನಾರನ್ನು ಉಳಿಸಿಕೊಳ್ಳುತ್ತಾರೆ. ಅನ್ನದ ಗಂಜಿಯನ್ನು ಬಸಿದು ಚೆಲ್ಲುವುದೂ ಇಂತಹುದೇ. ಅಕ್ಕಿಯನ್ನು ಕೈಯಿಂದ ಉಜ್ಜಿ ಉಜ್ಜಿ, ನೀರು ತಿಳಿಯಾಗುವವರೆಗೆ ತೊಳೆದಾಗ, ಯಂತ್ರದ ಬಾಯಿಂದ ತಪ್ಪಿಸಿಕೊಂಡು ಉಳಿದಿದ್ದ ಅಲ್ಪಸ್ವಲ್ಪ ಥಯಾಮಿನ್ ಕೂಡ ಹೊರಟುಹೋಗುತ್ತದೆ. ಪುಂಡಿಪಲ್ಲೆಯ ಹುಳಿ ಹೆಚ್ಚೆಂದು ಬೇಯಿಸಿದ ನೀರನ್ನು ಬಸಿಯುವ ವಾಡಿಕೆ ಕೆಲವು ಕಡೆ ಇದೆ. ಹುಳಿಯನ್ನು ತಗ್ಗಿಸಲು ಬೇರೆ ದಾರಿಯುಂಟು. ಪುಂಡಿಯ ಜೊತೆಗೆ ಹುಳಿಯಿಲ್ಲದ ಬೇರೊಂದು ಸೊಪ್ಪನ್ನು ಬೆರೆಸಬಹುದು, ತೊಗರಿಬೇಳೆಯನ್ನೂ ಜೋಳದ ನುಚ್ಚನ್ನೂ ತುಸು ಹೆಚ್ಚು ಹಾಕಬಹುದು. ಆಗ ಹುಳಿಯೂ ಹಿತವಾಗುತ್ತದೆ, ಪಲ್ಯವೂ ಹೆಚ್ಚುತ್ತದೆ, ನೀರನ್ನು ಚೆಲ್ಲುವ ಅಗತ್ಯವೂ ಬೀಳುವುದಿಲ್ಲ.

ಬಸಿದ ನೀರಿನ ಬೆಲೆಯನ್ನು ಈ ನಾಡಿನ ಹಿರಿಯರು ಅರಿಯದವರೇನಲ್ಲ. ಹೋಳಿಗೆಗೆಂದು ಕಡಲೆಬೇಳೆಯನ್ನು ಬೇಯಿಸಿದಾಗ ಬಸಿದ ಕಟ್ಟನ್ನು ಯಾವ ಮನೆಯಲ್ಲಿಯೂ ಚೆಲ್ಲುವುದಿಲ್ಲ. ಅದಕ್ಕೆ ಹುಣಸೆ, ಬೆಲ್ಲ, ಮಸಾಲೆ ಸೇರಿಸಿ ಕಟ್ಟಿನ ಸಾರು ಮಾಡುತ್ತಾರೆ. ಹೋಳಿಗೆಗಿಂತ ಸಾರೇ ಹೆಚ್ಚು ರುಚಿಯೆನ್ನುವವರೂ ಇದ್ದಾರೆ. ಹಬ್ಬದ ದಿನ ತೋರುವ ಈ ಜಾಣತನವನ್ನು ದಿನನಿತ್ಯದ ಕಾಳಿಗೂ ಸೊಪ್ಪಿಗೂ ತೋರಿದರೆ ಸಾಕು. ಕಾಳು ಬೇಯಿಸಿದ ನೀರಿನಿಂದ ಸಾರು ಮಾಡಬಹುದು. ಸೊಪ್ಪು ಬೇಯಿಸಿದ ನೀರನ್ನು ಬೇಳೆಗೆ ಬೆರೆಸಬಹುದು. ರೊಟ್ಟಿಯ ಹಿಟ್ಟನ್ನೂ ಅದರಿಂದಲೇ ನಾದಬಹುದು.

ಮೂರನೆಯದು ಅಡುಗೆ ಸೋಡಾ. ಕಾಳು ಬೇಗ ಬೇಯಲೆಂದೂ, ಸೊಪ್ಪಿನ ಹಸಿರು ಬಣ್ಣ ಮಾಸದಿರಲೆಂದೂ ಒಂದು ಚಿಟಿಕೆ ಸೋಡಾ ಹಾಕುವವರಿದ್ದಾರೆ. ಕಾಳು ಬೇಗ ಬೇಯುವುದು ನಿಜ. ಬಣ್ಣ ಉಳಿಯುವುದೂ ನಿಜ. ಆದರೆ ಸೋಡಾ ಕ್ಷಾರ ಗುಣದ ವಸ್ತು. ಥಯಾಮಿನ್ ಮತ್ತು ಸಿ ಜೀವಸತ್ವಗಳು ಹುಳಿಯ ಸಂಗಡ ಬಾಳಬಲ್ಲವು, ಕ್ಷಾರದ ಸಂಗಡ ಬಾಳಲಾರವು. ಹೀಗಾಗಿ ನೋಟಕ್ಕೆ ಹಸಿರಾಗಿ ಹೊಳೆಯುವ ಪಲ್ಯವು ಒಳಗೆ ಬಡವಾಗಿರುತ್ತದೆ. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದರೆ, ಇಲ್ಲವೆ ಮುಚ್ಚಳವನ್ನು ಭದ್ರವಾಗಿ ಮುಚ್ಚುವ ಕುಕ್ಕರಿನಲ್ಲಿ ಬೇಯಿಸಿದರೆ ಸೋಡಾದ ಹಂಗು ಬೇಕಾಗುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ನೀರು ಕಡಿಮೆ ಸಾಕು, ಹೊತ್ತು ಕಡಿಮೆ ಸಾಕು, ಉರುವಲೂ ಕಡಿಮೆ ಸಾಕು.

ನಾಲ್ಕನೆಯದು ಸಾಣಿಗೆ. ಗಿರಣಿಯಿಂದ ಬಂದ ಹಿಟ್ಟಿನಲ್ಲಿ ಕಸವೋ ಹುಳುವೋ ಇದ್ದರೆ ಅದನ್ನು ತೆಗೆಯಲು ದಪ್ಪ ಕಣ್ಣಿನ ಸಾಣಿಗೆಯಲ್ಲಿ ಹಾಯಿಸುವುದು ತಕ್ಕುದೇ. ಆದರೆ ರೊಟ್ಟಿ ಬೆಳ್ಳಗಾಗಲಿ, ಚಪಾತಿ ಮೆತ್ತಗಾಗಲಿ ಎಂದು ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಸಾಣಿಸಿ ತೌಡನ್ನು ಎಮ್ಮೆಗೆ ಹಾಕುವ ಮನೆಯಲ್ಲಿ, ಐಕ್ಮನ್ ಕಂಡ ಪಾಠವನ್ನು ಎಮ್ಮೆಯೇ ಹೆಚ್ಚು ಚೆನ್ನಾಗಿ ಕಲಿತಂತಾಯಿತು! 100 ಗ್ರಾಂ ಇಡಿ ಗೋದಿಯ ಹಿಟ್ಟಿನಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ ಅಷ್ಟೇ ಮೈದಾಹಿಟ್ಟಿನಲ್ಲಿ 2 ಮಿಲಿಗ್ರಾಂ ಕೂಡ ಇಲ್ಲ. ಬಿಳುಪಿನ ಮೋಹವು ಜನರನ್ನು ಎಷ್ಟರಮಟ್ಟಿಗೆ ದಾರಿತಪ್ಪಿಸುತ್ತದೆಯೆಂದರೆ, ಪಡಿತರದ ಅಕ್ಕಿಯಲ್ಲಿ ಕಬ್ಬಿಣ ಮತ್ತು ಜೀವಸತ್ವ ಸೇರಿಸಿದ ಸಾರವರ್ಧಿತ ಕಾಳುಗಳು ಬಂದಾಗ, ಬಣ್ಣ ಬೇರೆಯಾಗಿ ಕಂಡ ಅವುಗಳನ್ನು ಪ್ಲಾಸ್ಟಿಕ್ ಅಕ್ಕಿಯೆಂದು ಶಂಕಿಸಿ ಆರಿಸಿ ಎಸೆದವರೂ ಉಂಟು.

ಐದನೆಯದು ಎಣ್ಣೆಯ ಬಾಣಲೆ. ಸಂತೆಯ ದಿನ ಮಿರ್ಚಿ ಭಜಿ, ಚುನಮುರಿ ತಿನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಒಮ್ಮೆ ಕರಿದ ಎಣ್ಣೆಯನ್ನು ಸುರಿದಿಟ್ಟು, ಅದು ಕಪ್ಪಾಗಿ ನೊರೆ ಬರುವವರೆಗೂ ಮತ್ತೆ ಮತ್ತೆ ಕಾಯಿಸುವುದು ತಪ್ಪು. ಹಾಗೆ ಕಾಯಿಸಿದಾಗ ಎಣ್ಣೆಯು ಒಡೆದು ದೇಹಕ್ಕೆ ಕೇಡು ಮಾಡುವ ವಸ್ತುಗಳು ಅದರಲ್ಲಿ ಕೂಡಿಕೊಳ್ಳುತ್ತವೆ. ಇಂತಹ ವಸ್ತುಗಳು ನೂರಕ್ಕೆ 25 ಪಾಲು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಲಾಗದೆಂದು ಭಾರತದ ಆಹಾರ ಸುರಕ್ಷತೆಯ ಪ್ರಾಧಿಕಾರವು 2018ರ ಜುಲೈ 1ರಿಂದ ನಿಯಮ ಮಾಡಿತು. ಮನೆಯಲ್ಲಿ ಅಳೆಯುವ ಉಪಕರಣವಿಲ್ಲದಿದ್ದರೂ ಕಣ್ಣು ಮೂಗುಗಳಿವೆ. ಕರಿದು ಉಳಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನಗಳೊಳಗೆ ಒಗ್ಗರಣೆಗೆ ಬಳಸಿ ಮುಗಿಸಬಹುದು. ಮತ್ತೆ ಕರಿಯಲು ಬಳಸಬಾರದು.

ಆರನೆಯದು ಒಲೆಯಿಂದ ಹೊರಗಿನದು. ಊಟವಾದೊಡನೆ ಒಂದು ಕಪ್ ಚಹ ಕುಡಿಯುವ ಚಟ ಹಳ್ಳಿಗೂ ಬಂದಿದೆ. ರೊಟ್ಟಿಯನ್ನೇ ಚಹದಲ್ಲಿ ಅದ್ದಿ ಮಕ್ಕಳಿಗೆ ತಿನ್ನಿಸುವುದೂ ಕಂಡುಬರುತ್ತದೆ. ಚಹದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತುವು ಕಾಳು, ಸೊಪ್ಪು, ರೊಟ್ಟಿಗಳಲ್ಲಿಯ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ಆಗ ಅದು ರಕ್ತವನ್ನು ಸೇರದೆ ಹೊಟ್ಟೆಯಿಂದ ಹಾಗೆಯೇ ಹೊರಬೀಳುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟದ ಅನಂತರ ಒಂದು ಗಂಟೆಯವರೆಗೆ ಚಹ, ಕಾಫಿಗಳನ್ನು ಕುಡಿಯಬಾರದೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಅದೇ ಊಟದ ಮೇಲೆ ಚಹದ ಬದಲು ಅರ್ಧ ಲಿಂಬೆಯ ರಸ ಬಿದ್ದರೆ ಪರಿಣಾಮವು ತಿರುವುಮುರುವಾಗುತ್ತದೆ. ಲಿಂಬೆಯ ಸಿ ಜೀವಸತ್ವವು ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಬಲ್ಲ ರೂಪಕ್ಕೆ ತರುತ್ತದೆ.

ಕೊನೆಯದಾಗಿ, ಪಾತ್ರೆಯನ್ನು ಸೇರುವ ಮುನ್ನವೇ ಬಿಸಾಡುವ ಪದಾರ್ಥಗಳ ಮಾತು. ಮೂಲಂಗಿಯ ಗಡ್ಡೆಯನ್ನು ಉಳಿಸಿಕೊಂಡು ಅದರ ತಪ್ಪಲನ್ನು ತಿಪ್ಪೆಗೆ ಎಸೆಯುತ್ತಾರೆ. ಸುಣ್ಣಾಂಶ, ಕಬ್ಬಿಣಾಂಶಗಳು ಗಡ್ಡೆಗಿಂತ ತಪ್ಪಲಿನಲ್ಲಿಯೇ ಹೆಚ್ಚು. ಹಿತ್ತಲಿನ ನುಗ್ಗೆಯ ಮರದಿಂದ ಕಾಯಿಯನ್ನು ಮಾತ್ರ ಕೀಳುತ್ತಾರೆ. ಸೊಪ್ಪು ಉದುರಿ ಮಣ್ಣಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಶಾಲೆಯ ಬಿಸಿಯೂಟದ ಸಾಂಬಾರಿನಿಂದ ತರಕಾರಿಯ ಹೋಳುಗಳನ್ನು ಆರಿಸಿ ತಾಟಿನ ಅಂಚಿಗೆ ತಳ್ಳುವ ವಿದ್ಯಾರ್ಥಿಯೂ ಇದೇ ಸೋರಿಕೆಯ ಒಂದು ಬಾಗಿಲನ್ನು ತೆರೆದಿಡುತ್ತಾನೆ.

ಇಷ್ಟನ್ನು ಕೇಳಿದವರು ಇನ್ನೊಂದು ತುದಿಗೆ ಹೋಗಬಾರದು. ಬೇಯಿಸುವುದೇ ತಪ್ಪು, ಎಲ್ಲವನ್ನೂ ಹಸಿಯಾಗಿಯೇ ತಿನ್ನಬೇಕು ಎಂಬುದು ತಿಳಿವಳಿಕೆಯಲ್ಲ. ಕಾಳುಗಳನ್ನು ಬೇಯಿಸಿದಾಗಲೇ ಅವುಗಳಲ್ಲಿರುವ, ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳು ಅಳಿಯುತ್ತವೆ. ಗಜ್ಜರಿಯನ್ನು ತುಸು ಎಣ್ಣೆಯೊಡನೆ ಬೇಯಿಸಿದಾಗ ಅದರ ಕೆರೋಟಿನ್ ದೇಹಕ್ಕೆ ಇನ್ನೂ ಚೆನ್ನಾಗಿ ದಕ್ಕುತ್ತದೆ. ಹಾಲನ್ನು ಕಾಯಿಸದೆ ಕುಡಿಯುವುದರಿಂದ ರೋಗ ಬರಬಹುದು. ಸೊಪ್ಪನ್ನು ತೊಳೆಯದೆ ತಿನ್ನುವುದರಿಂದ ಮಣ್ಣು, ಹುಳುವಿನ ತತ್ತಿ, ಔಷಧ ಹೊಡೆದ ಶೇಷಗಳು ಹೊಟ್ಟೆ ಸೇರಬಹುದು. ಬೆಂಕಿಯೂ ನೀರೂ ಅಡುಗೆಯ ಶತ್ರುಗಳಲ್ಲ. ಅವುಗಳ ಅತಿಯೇ ಶತ್ರು.

ಸತ್ವವನ್ನು ಉಳಿಸುವ, ಅಷ್ಟೇ ಅಲ್ಲ, ಹೆಚ್ಚಿಸುವ ಪದ್ಧತಿಗಳೂ ಈ ಸೀಮೆಯಲ್ಲಿ ಹಿಂದಿನಿಂದ ಇವೆ. ಮಡಿಕೆಕಾಳನ್ನೂ ಹೆಸರುಕಾಳನ್ನೂ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ಅಂತಹದೊಂದು. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ಜೀವಸತ್ವವು ಮೊಳಕೆಯೊಡನೆ ಹುಟ್ಟುತ್ತದೆ. ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತು ಕಡಿಮೆಯಾಗುತ್ತದೆ. ಹಿಟ್ಟನ್ನು ಹುಳಿಬರಿಸಿ ಅಂಬಲಿ ಕಾಸುವುದರಿಂದಲೂ ಇದೇ ಲಾಭವಿದೆ. ಹತ್ತರಕಿಯನ್ನೂ ಮೆಂತೆಯ ತಪ್ಪಲನ್ನೂ ಉಳ್ಳಾಗಡ್ಡಿಯ ತಪ್ಪಲನ್ನೂ ರೊಟ್ಟಿಯೊಡನೆ ಹಸಿಯಾಗಿ ಕಡಿಯುವ ರೂಢಿಯಿಂದ ಸೊಪ್ಪಿನ ಸಿ ಜೀವಸತ್ವವು ಬೆಂಕಿಯನ್ನು ಕಾಣದೆಯೇ ಬಾಯಿ ಸೇರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿಯುಳ್ಳ ಪಲ್ಯವನ್ನು ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ತುಸು ಪಲ್ಯಕ್ಕೆ ಇಳಿಯುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಒಯ್ಯುವ ಚರಗದ ಬುತ್ತಿಯಲ್ಲಿ ಸಜ್ಜೆಯ ಕಡುಬು, ಕಾಳಿನ ಪಲ್ಯ, ಪುಂಡಿಪಲ್ಲೆ, ಎಳ್ಳು, ಶೇಂಗಾ, ಬೆಲ್ಲ ಎಲ್ಲವೂ ಒಟ್ಟಿಗೆ ಇರುತ್ತವೆ. ಭೂಮಿತಾಯಿಗೆ ಸಲ್ಲಿಸುವ ಆ ನೈವೇದ್ಯವು ಮನುಷ್ಯನ ನಿತ್ಯದ ಊಟಕ್ಕೂ ಒಂದು ಮಾದರಿ.

ಇಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಎತ್ತುವುದುಂಟು. ಅಜ್ಜ ಅಜ್ಜಿಯರು ಜೀವಸತ್ವದ ಹೆಸರನ್ನೇ ಕೇಳದೆ ಗಟ್ಟಿಮುಟ್ಟಾಗಿ ಬಾಳಲಿಲ್ಲವೆ? ಈಗ ಈ ಲೆಕ್ಕಾಚಾರವೆಲ್ಲ ಏಕೆ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಂದು ಬೀಸುಕಲ್ಲಿನ ಹಿಟ್ಟು ತೌಡನ್ನು ಬಿಟ್ಟು ಬರುತ್ತಿರಲಿಲ್ಲ. ಮೈದಾ, ಸೋಡಾ, ಚಹಗಳು ಹಳ್ಳಿಯ ಮನೆಯಲ್ಲಿ ಅಪರೂಪವಾಗಿದ್ದವು. ಆದರೆ ಅಂದಿನವರೆಲ್ಲರೂ ಗಟ್ಟಿಮುಟ್ಟಾಗಿದ್ದರೆಂಬುದು ನಿಜವಲ್ಲ. ಜೋಳವನ್ನೇ ಬಹುಪಾಲು ಉಂಡು ಬೇಳೆ, ಹಾಲು, ಸೊಪ್ಪುಗಳನ್ನು ಹೆಚ್ಚಾಗಿ ಕಾಣದ ದಖ್ಖನ್ನಿನ ಬಡವರಲ್ಲಿ, ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರ ಎಂಬ ರೋಗವಿರುವುದನ್ನು ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು 1960ರಲ್ಲಿ ಲೋಕದ ಗಮನಕ್ಕೆ ತಂದರು. ಅಲ್ಲಿಯವರೆಗೆ ಅದು ಮುಖ್ಯವಾಗಿ ಗೋವಿನಜೋಳ ತಿನ್ನುವವರ ರೋಗವೆಂದು ಹೆಸರಾಗಿತ್ತು. ಜೋಳ ಎಷ್ಟೇ ಒಳ್ಳೆಯದಾದರೂ ಅದೊಂದೇ ಸಾಲದು. ಜೊತೆಗೆ ಕಾಳು, ಸೊಪ್ಪು, ಮಜ್ಜಿಗೆಗಳು ಬೇಕು, ಅವುಗಳ ಸತ್ವ ಗಂಗಾಳದವರೆಗೆ ಉಳಿದು ಬರಬೇಕು. ಹಿರಿಯರ ಪದ್ಧತಿಯಲ್ಲಿ ಒಳ್ಳೆಯದನ್ನು ಉಳಿಸಿಕೊಳ್ಳುವುದೂ ಕೊರತೆಯನ್ನು ತುಂಬಿಕೊಳ್ಳುವುದೂ ಹಿರಿಯರಿಗೆ ತೋರುವ ಗೌರವವೇ.

ಇನ್ನು ಹೊಣೆಯ ಪ್ರಶ್ನೆ. ಸತ್ವ ಸೋರಿತೆಂದು ಹೇಳಿದೊಡನೆ ಎಲ್ಲರ ಕಣ್ಣೂ ಒಲೆಯ ಮುಂದೆ ಕುಳಿತ ತಾಯಿಯ ಕಡೆಗೆ ತಿರುಗುತ್ತದೆ. ಇದು ಅನ್ಯಾಯ. ರೊಟ್ಟಿ ಬೆಳ್ಳಗಿರಲಿ ಎನ್ನುವವನು ಉಣ್ಣುವವನು. ಪಲ್ಯ ಮೆತ್ತಗೆ ಬೇಯಲಿ, ಹುಳಿ ಇರದಿರಲಿ ಎನ್ನುವ ನಾಲಿಗೆಯೂ ಅವನದೇ. ಊಟ ಮುಗಿಯುವ ಮೊದಲೇ ಚಹ ಕೇಳುವವನೂ ಅವನೇ. ಬೆಳಗಿನಿಂದ ಹೊಲದಲ್ಲಿ ದುಡಿದು, ಸಂಜೆ ನೀರು ತಂದು, ಎಮ್ಮೆಗೆ ಮೇವು ಹಾಕಿ, ಆಮೇಲೆ ಒಲೆ ಹೊತ್ತಿಸುವ ಹೆಣ್ಣುಮಗಳು ಕಾಳು ಬೇಗ ಬೇಯಲೆಂದು ಸೋಡಾ ಹಾಕಿದರೆ, ಅದು ಅವಳ ಅಜ್ಞಾನವೆನ್ನುವುದಕ್ಕಿಂತ ಅವಳ ದಣಿವಿನ ಗುರುತು. ಅದೂ ಅಲ್ಲದೆ, ಎಲ್ಲರೂ ಉಂಡಾದ ಮೇಲೆ ಉಳಿದುದನ್ನು ಉಣ್ಣುವವಳು ಅವಳು. ಪಲ್ಯ ಮುಗಿದಿದ್ದರೆ ಹಿಂಡಿಯೊಡನೆ, ಅದೂ ಇಲ್ಲದಿದ್ದರೆ ಉಪ್ಪು ಮೆಣಸಿನಕಾಯಿಯೊಡನೆ ರೊಟ್ಟಿ ತಿಂದು ಏಳುವವಳೂ ಅವಳೇ. ರಕ್ತಹೀನತೆಯ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಸಂಖ್ಯೆಯೇ ಹೆಚ್ಚಾಗಿರುವುದಕ್ಕೆ ಈ ಪಂಕ್ತಿಭೇದವೂ ಒಂದು ಕಾರಣ. ಅಡುಗೆಯಲ್ಲಿ ಉಳಿಸಿದ ಸತ್ವವು ಅಡುಗೆ ಮಾಡಿದವಳನ್ನು ಮುಟ್ಟದೆ ಹೋದರೆ ಉಳಿಸಿದ ಫಲವೇನು?

ಆದುದರಿಂದ ಅಡುಗೆಯ ಅರಿವು ಹುಡುಗಿಯರಿಗೆ ಮಾತ್ರ ಬೇಕಾದ ವಿದ್ಯೆಯಲ್ಲ. ರಾತ್ರಿ ಮಲಗುವ ಮುನ್ನ ಕಾಳು ನೆನೆಹಾಕುವುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಸೊಪ್ಪನ್ನು ಬಿಡಿಸಿ ತೊಳೆದು ಕೊಡುವುದು ಒಂಬತ್ತನೆಯ ತರಗತಿಯ ಹುಡುಗನ ಕೈಗೂ ಆಗದ ಕೆಲಸವಲ್ಲ. ಗಿರಣಿಯಿಂದ ತಂದ ಹಿಟ್ಟನ್ನು ಸಾಣಿಸಬೇಡವೆಂದು ಹೇಳುವುದು ಮಾತ್ರವಲ್ಲ, ಸಾಣಿಸದ ಹಿಟ್ಟಿನ ರೊಟ್ಟಿಯನ್ನು ಮುಖ ಸಿಂಡರಿಸದೆ ಉಣ್ಣುವುದೂ ಅವನ ಕರ್ತವ್ಯ. ಮನೆಯವರೆಲ್ಲ ಒಟ್ಟಿಗೆ ಕುಳಿತು, ಇದ್ದುದನ್ನು ಹಂಚಿಕೊಂಡು ಉಣ್ಣುವುದಾದರೆ, ಯಾರಿಗೆ ಎಷ್ಟು ಮಿಕ್ಕಿತೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಮಳೆಯನ್ನು ತರಿಸುವುದು ರೈತನ ಕೈಯಲ್ಲಿಲ್ಲ. ಪೇಟೆಯ ಬೆಲೆಯನ್ನು ಕಟ್ಟುವುದೂ ಅವನ ಕೈಯಲ್ಲಿಲ್ಲ. ಬೆವರು ಸುರಿಸಿ ಬೆಳೆದು ಮನೆಗೆ ತಂದ ಕಾಳು ಮತ್ತು ಸೊಪ್ಪುಗಳ ಸತ್ವವನ್ನು ಕಾಪಾಡಿಕೊಳ್ಳುವುದಾದರೂ ಅವನ ಮನೆಯವರ ಕೈಯಲ್ಲಿಯೇ ಇದೆ. ಕಣದಲ್ಲಿ ಚೆಲ್ಲಿದ ಕಾಳನ್ನು ಬಗ್ಗಿ ಆರಿಸಿಕೊಳ್ಳುವ ನಾಡು ಇದು. ಆ ಕಾಳಿನೊಳಗಿನ ಸತ್ವವನ್ನೂ ಅದೇ ಎಚ್ಚರಿಕೆಯಿಂದ ಆರಿಸಿಕೊಳ್ಳಬೇಕು. ಹಾಗೆ ಮಾಡಿದ ಮನೆಯಲ್ಲಿ ರೊಟ್ಟಿಯ ಬಿಳುಪು ತುಸು ಕಡಿಮೆಯಾಗಬಹುದು. ಮಕ್ಕಳ ಮುಖದ ಕೆಂಪು ಮಾತ್ರ ಹೆಚ್ಚುವುದು.